ಡಾಂಬರು ಬಿಟ್ಟು ಇಳಿಸದ ಗಾಡಿ

ಜಮಖಂಡಿಯಲ್ಲಿ ಕಾರು ಕಲಿಸುವ ತಾರವ್ವನ ಬಗ್ಗೆ ಜನ ಆಡಿಕೊಂಡು ನಗುವ ಮಾತೊಂದಿದೆ. ಊರಲ್ಲಿ ಉಳಿದವರೆಲ್ಲ ಮೊದಲು ಗಾಡಿ ಚಾಲೂ ಮಾಡುವುದನ್ನು ಕಲಿಸಿದರೆ, ಈಕೆ ಮೊದಲು ಗಾಡಿ ಬಂದ್ ಬೀಳುವುದನ್ನು ಕಲಿಸುತ್ತಾಳಂತೆ. ನಗಲಿ ಬಿಡಿ. ಹಾಗೆ ನಗುವವರ ಹೆಂಡಿರು, ಸೊಸೆಯರು, ಹೆಣ್ಣುಮಕ್ಕಳೆಲ್ಲ ಕಡೆಗೆ ಬಂದು ಕೂರುವುದು ತಾರವ್ವನ ಗಾಡಿಯಲ್ಲೇ. ಬ್ಯಾಂಕಿನವರು, ಆಸ್ಪತ್ರೆಯ ಸಿಸ್ಟರುಗಳು, ದಿನಾ ಬೀಳಗಿಗೋ ಮುಧೋಳಕ್ಕೋ ಹೋಗಿಬರುವ ಶಾಲೆಯವರು, ಎಲ್ಲರಿಗೂ ಅವಳು ಬರೀ ‘ಅಕ್ಕಾರು’.

ಆ ಗಾಡಿಯೋ, ಹಳೆಯದು. ಎಡಗಡೆ ಅಕ್ಕಾರು ಕೂರುವಲ್ಲಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು. ಅದು ಎಲ್ಲ ಕಲಿಸುವ ಗಾಡಿಗಳಲ್ಲೂ ಇರುತ್ತದೆ. ಇವಳ ಗಾಡಿಯಲ್ಲಿ ಮಾತ್ರ ಮೊಣಕಾಲಿನ ಹತ್ತಿರ ಒಂದು ಸಣ್ಣ ಸ್ವಿಚ್ಚು ಇದೆ. ಅದನ್ನು ಒತ್ತಿದರೆ ಇಂಜಿನ್ನಿಗೆ ಪೆಟ್ರೋಲು ಹೋಗುವುದು ನಿಲ್ಲುತ್ತದೆ. ಗಾಡಿ ಒಳ್ಳೆಯ ಓಟದಲ್ಲಿರುವಾಗ, ಕಲಿಯುವವಳು ಇನ್ನೇನು ತನಗೆ ಎಲ್ಲ ಬಂತು ಎಂದು ನಗುವ ಹೊತ್ತಿಗೆ, ತಾರವ್ವ ಸದ್ದಿಲ್ಲದೆ ಅದನ್ನು ಒತ್ತಿಬಿಡುತ್ತಾಳೆ. ಗಾಡಿ ಒಂದೆರಡು ಸಲ ಜಗ್ಗಾಡುತ್ತದೆ, ತುಳಿದರೂ ಎಳೆಯುವುದಿಲ್ಲ, ಆಮೇಲೆ ಇಂಜಿನ್ನಿನ ಸದ್ದೇ ಅಡಗುತ್ತದೆ. ಆಗ ಶುರುವಾಗುತ್ತದೆ ನೋಡಿ ಅಕ್ಕಾರ ಬಾಯಿ.

“ಎಕ್ಸಲೇಟರ್ ಒದಿಬ್ಯಾಡ! ಕೀಲಿ ಮುಟ್ಟಬ್ಯಾಡ, ಸ್ಟೇರಿಂಗ್ ಲಾಕ್ ಆದೀತು! ಗಾಡಿ ಇನ್ನೂ ಉರುಳಾಕತ್ತೈತಿ ಹೌದಿಲ್ಲೋ? ಉರುಳೂತನಕಾ ಅದು ನಿನ್ನ ಕೈಯಾಗ ಐತಿ. ಕ್ಲಚ್ ತುಳಿ, ನ್ಯೂಟ್ರಲ್ ಮಾಡು, ದೀಪಾ ಮಿಣುಕಸು, ಎಡಕ್ಕ ತಗೀ! ಎಡಕ್ಕಂದ್ರ ಎಡಕ್ಕ!”

ಇಷ್ಟು ಕೂಗುವುದಕ್ಕೆ ಅವಳಿಗೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ತಾರವ್ವನಿಗೆ ಕಾರಿನ ಬಾಗಿಲು ತೆರೆಯುವುದೂ ಗೊತ್ತಿರಲಿಲ್ಲ. ಬನಹಟ್ಟಿಯ ನೇಕಾರರ ಓಣಿಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ, ಅತ್ತೆ ಗುರುಬಸವ್ವನ ಜೊತೆ ಒಂದಿಷ್ಟು ಜಗಳವಾಡುತ್ತ, ಗಂಡ ಪ್ರಭುಲಿಂಗ ನೇಯ್ದ ಸೀರೆಗಳನ್ನು ಮಡಚಿ ಗಂಟು ಕಟ್ಟುತ್ತ ಚೆನ್ನಾಗಿಯೇ ಇದ್ದಳು. ಪ್ರಭುಲಿಂಗ ಆ ಗಂಟನ್ನು ಬೈಕಿಗೆ ಬಿಗಿದು ಮುಧೋಳದ ಅಂಗಡಿಗಳಿಗೆ ಕೊಟ್ಟು, ಬರುವಾಗ ಜಮಖಂಡಿಯಲ್ಲಿ ನೂಲು ತರುತ್ತಿದ್ದ. ದೀಪಾವಳಿ ಮುಗಿದ ಮಾರನೆಯ ವಾರ ಹಾಗೆ ಮುಧೋಳದಿಂದ ಬರುವಾಗ ಕತ್ತಲಾಗತೊಡಗಿತ್ತು. ಎದುರಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರಿನ ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಆ ಬೆಳಕಿನ ಹಿಂದೆ, ಡಾಂಬರಿನ ಮೇಲೆ, ಒಂದು ಹೊಚ್ಚ ಹೊಸ ಕಾರು ಸುಮ್ಮನೆ ನಿಂತಿತ್ತು. ಅದರ ಹಿಂದೆ ಒಂದು ದೀಪವಿಲ್ಲ, ಒಂದು ಕಲ್ಲಿಲ್ಲ, ಮುರಿದಿಟ್ಟ ಒಂದು ಟೊಂಗೆಯಿಲ್ಲ. ಒಳಗೆ ನರಪಿಳ್ಳೆಯಿಲ್ಲ. ಪ್ರಭುಲಿಂಗ ನೇರ ಹೋಗಿ ಅದಕ್ಕೆ ಬಡಿದ.

ಕಾರು ರನ್ನ ಬೆಳಗಲಿಯ ಬಸಗೊಂಡಪ್ಪನದು. ಬೇಕಾದಷ್ಟು ಕಬ್ಬು, ನಾಲ್ಕು ಜನರ ಮುಂದೆ ಎದ್ದು ಮಾತನಾಡುವ ಗತ್ತು, ಎಲ್ಲರ ಬಾಯಲ್ಲೂ ಗೌಡ. ಪೊಲೀಸರ ಮುಂದೆ ಅವನು ಹೇಳಿದ್ದು ಎರಡು ಮಾತು. ಗಾಡಿ ಒಮ್ಮೆಲೇ ಬಂದ್ ಬಿದ್ದು ಕಲ್ಲಿನಂತೆ ನಿಂತಿತು, ಯಾರು ಏನು ಮಾಡಲಿಕ್ಕಾಗುತ್ತದೆ ಎಂಬುದು ಮೊದಲನೆಯದು. ಬೈಕಿನವನು ಕುಡಿದಿದ್ದ ಎಂಬುದು ಎರಡನೆಯದು.

ಕುಡಿದಿದ್ದನಂತೆ! ಎಲೆಯಡಿಕೆ ಬಿಟ್ಟರೆ ಬೇರೆ ಚಟ ಕಾಣದ ಮನುಷ್ಯ. ಕುಡಿದಿರಲಿಲ್ಲವೆಂದು ಆಸ್ಪತ್ರೆಯವರೇ ಹೇಳಿದರು. ಆದರೆ ಆಸ್ಪತ್ರೆಯ ಮಾತು ಆಸ್ಪತ್ರೆಯಲ್ಲೇ ಉಳಿಯಿತು, ಗೌಡನ ಮಾತು ಬನಹಟ್ಟಿಯ ಓಣಿಗೆ ಬಂತು. ಮದುವೆಯ ಪಂಕ್ತಿಯಲ್ಲಿ ಯಾರೋ “ಪಾಪ, ಕುಡಿತಾನ ಅವನ್ನ ತಿಂತು” ಅಂದದ್ದು ಗುರುಬಸವ್ವನ ಕಿವಿಗೆ ಬಿತ್ತು. ಆ ದಿನ ಮುದುಕಿ ಎಲೆಯ ಮೇಲಿನಿಂದ ಎದ್ದು ಬಂದವಳು ಮತ್ತೆ ಯಾರ ಮನೆಯ ಮದುವೆಗೂ ಹೋಗಲಿಲ್ಲ. ಮನೆಯಲ್ಲಿ ಕೂತು ಸೊಸೆಯನ್ನು ಕೇಳುವಳು:

“ಖರೆ ಹೇಳಬೇ ತಾರಾ, ನನ್ನ ಮಗಾ ಕುಡೀತಿದ್ನೇನು? ನಿನಗ ಗೊತ್ತಿದ್ದೂ ನನ್ನ ಮುಂದ ಮುಚ್ಚಿಟ್ಟೀಯೇನು?”

ಎಷ್ಟು ಸಲ ಇಲ್ಲವೆಂದರೂ ಮತ್ತೆ ಕೇಳುವಳು. ತಾರವ್ವನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಗಂಡ ಸತ್ತ ದಿನವಲ್ಲ, ಹೆತ್ತ ತಾಯಿ ಮಗನ ಮೇಲೆ ಸಂಶಯಪಟ್ಟ ದಿನ. ಒಮ್ಮೆ ಅವಳು ಬೆಳಗಲಿಗೇ ಹೋಗಿ ಗೌಡನ ಅಂಗಳದಲ್ಲಿ ನಿಂತಳು. ಗೌಡರು ಮನೆಯಲ್ಲಿಲ್ಲ ಎಂದು ಆಳುಮಗನಿಂದ ಹೇಳಿಸಿದರು. ಒಳಗಿನಿಂದ ಗೌಡನ ಕೆಮ್ಮು ಕೇಳುತ್ತಿತ್ತು. ತಾರವ್ವ ಬಸ್ಸು ಹತ್ತಿ ತಿರುಗಿ ಬಂದಳು. ಆ ಬಾಯಿಂದ ಹೊರಟ ಮಾತು ಅದೇ ಬಾಯಿಂದ, ಇದೇ ಓಣಿಯಲ್ಲಿ, ಅತ್ತೆಯ ಎದುರಿಗೆ ವಾಪಸ್ ಬರಬೇಕು ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿ ಹೇಳಿಕೊಂಡಳು. ಅದು ಬಿಟ್ಟು ಅವಳಿಗೆ ಬೇರೇನೂ ಬೇಕಿರಲಿಲ್ಲ.

ಕಾರು ಕಲಿಯಲು ಹೋದದ್ದೂ ಅದೇ ಸಿಟ್ಟಿನಿಂದ. ಬಂದ್ ಬಿದ್ದ ಗಾಡಿ ನಿಜಕ್ಕೂ ಕಲ್ಲಾಗುತ್ತದೆಯೇ ಎಂಬುದನ್ನು ಅವಳು ತನ್ನ ಕೈಯಿಂದಲೇ ತಿಳಿಯಬೇಕಿತ್ತು. ಜಮಖಂಡಿಯಲ್ಲಿ ಗಂಗಾರಾಮ ಎಂಬ ಮುದುಕ ಆಗ ಕಾರು ಕಲಿಸುತ್ತಿದ್ದ. ಕಂಡಿಕೆ ಸುತ್ತುವ ಹೆಂಗಸು ಬಂದು ಸ್ಟೇರಿಂಗ್ ಹಿಡಿಯುತ್ತೇನೆಂದಾಗ ಅವನಿಗೆ ನಗು ಬಂದರೂ ಕಲಿಸಿದ. ಒಂದು ದಿನ ಅವಳು ಬಾಯಿಬಿಟ್ಟು ಕೇಳಿದಳು: “ಮಾಸ್ತರ, ಗಾಡಿ ಓಡೂಮುಂದ ಬಂದ್ ಬಿದ್ರ ಏನ ಮಾಡಬೇಕ್ರಿ?”

“ಏನ ಮಾಡೂದು? ಬಾಜೂಕ ತಗದು ನಿಂದರಸೂದು.”

“ನಿಂದರಸಾಕ ಬರತೈತೇನ್ರಿ?”

“ಯಾಕ ಬರೂದಿಲ್ಲ? ಇಂಜಿನ್ ಸತ್ರ ಗಾಲಿ ಸಾಯ್ತಾವೇನವಾ? ಸ್ಟೇರಿಂಗ್ ಒಂಚೂರು ಬಿರಸ ಆಗತೈತಿ, ಬ್ರೇಕ್ ಗಟ್ಟಿ ಆಗತೈತಿ, ಅಷ್ಟ. ಮತ್ತ ಗಾಡಿ ಒಮ್ಮೆಲೇ ಬಂದ್ ಬೀಳೂದು ಕಮ್ಮಿ. ಪಿಕಪ್ ಹೋಗತೈತಿ, ಜಗ್ಗತೈತಿ, ಸೂಚನಾ ಕೊಡತೈತಿ. ಅಷ್ಟ ಆದ ಮ್ಯಾಲೂ ಡಾಂಬರ ಮ್ಯಾಲ ನಿಂದರಸಿ ಇಳದು ಹೋಗಾವ ಗಾಡಿ ಹೊಡ್ಯಾವ ಅಲ್ಲ, ಹಲಕಟ್ಟ!”

ತಾರವ್ವ ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಬಿಕ್ಕಿ ಬಿಕ್ಕಿ ಅತ್ತಳು. ಗಂಗಾರಾಮ ಗಾಬರಿಯಾಗಿ ನೀರು ತಂದುಕೊಟ್ಟ. ಗಂಡನ ನೆನಪಾಯಿತೇನೋ ಎಂದುಕೊಂಡ. ಅದು ದುಃಖದ ಅಳುವಾಗಿರಲಿಲ್ಲ, ಉರಿದು ಬಂದ ಅಳು. ಬಸಗೊಂಡಪ್ಪ ಬಾಜೂಕೆ ತೆಗೆಯಬಹುದಿತ್ತು. ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂಬುದಷ್ಟೇ ಅವಳಿಗೆ ತಿಳಿಯದೆ ಉಳಿಯಿತು. ಆಮೇಲೆ ಗಂಗಾರಾಮನ ಕೈಕಾಲು ಸೋತಾಗ ಹೆಣ್ಣುಮಕ್ಕಳಿಗೆ ಕಲಿಸುವುದು ಅವಳ ಪಾಲಿಗೆ ಬಂತು. ಕಡೆಗೆ ಆ ಗಾಡಿಯೂ ಅವಳದೇ ಆಯಿತು. ಬನಹಟ್ಟಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ವಾಪಸ್ ಹೋಗುವುದು ಅವಳ ಬದುಕಾಯಿತು.

ಹೋದ ವರ್ಷ ಒಬ್ಬ ಹುಡುಗಿ ಬಂದಳು. ತೆಳ್ಳಗೆ, ಮಾತುಗಾರ್ತಿ, ಬೀಳಗಿಯ ಸರ್ಕಾರಿ ಕಚೇರಿಯಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿದೆ, ಅಪ್ಪ ಕಾರು ಕೊಡಿಸಿದ್ದಾನೆ ಅಂದಳು. ಹೆಸರು ಪ್ರತಿಮಾ.

“ಯಾರ ಮಗಳವಾ ನೀ?” ಎಂದು ತಾರವ್ವ ಎಲ್ಲರನ್ನೂ ಕೇಳುವಂತೆಯೇ ಕೇಳಿದಳು.

“ಈಗ ಇಲ್ಲೇ ಜಮಖಂಡ್ಯಾಗ ಅದೀವ್ರಿ ಅಕ್ಕಾರ. ಊರು ಬೆಳಗಲಿ. ಬಸಗೊಂಡಪ್ಪ ಗೌಡ್ರ ಮಗಳು.”

ತಾರವ್ವನ ಕೈ ಸೆರಗಿನ ತುದಿಯನ್ನು ಹಿಂಡಿತು. ಮುಖದಲ್ಲಿ ಏನೂ ತೋರಿಸದೆ “ನಾಳಿಂದ ಬಾ” ಅಂದಳು.

ಅವತ್ತು ಬನಹಟ್ಟಿಯ ಬಸ್ಸಿನಲ್ಲಿ ಅವಳ ತಲೆಯಲ್ಲಿ ಬಂದ ವಿಚಾರಗಳನ್ನು ಕೇಳಿದರೆ ನೀವು ಅವಳ ಹತ್ತಿರ ಗಾಡಿ ಕಲಿಯುವುದಿಲ್ಲ. ಒಂದು ಹುಡುಗಿಗೆ ಕೆಟ್ಟದಾಗಿ ಕಲಿಸುವುದು ಬಹಳ ಸುಲಭ. ನಿಲ್ಲಬೇಕಾದಲ್ಲಿ ಹೋಗು, ಹೋಗಬೇಕಾದಲ್ಲಿ ನಿಲ್ಲು ಎಂದು ನಾಲ್ಕು ತಪ್ಪು ರೂಢಿ ಹಚ್ಚಿಬಿಟ್ಟರೆ ಸಾಕು. ಒಂದು ದಿನ ಬೀಳಗಿ ರಸ್ತೆಯಲ್ಲಿ ಆಗುವುದು ಆಗುತ್ತದೆ. ಗೌಡ ಮಗಳ ಹೆಣದ ಮುಂದೆ ಕೂತು ಎದೆ ಬಡಿದುಕೊಳ್ಳುತ್ತಾನೆ. ತಾರವ್ವ ಅದನ್ನೆಲ್ಲ ಕಣ್ಣೆದುರು ತಂದುಕೊಂಡಳು, ಹೌದು, ಒಂದು ಗಳಿಗೆ ಹಿತವಾಗಿಯೂ ಇತ್ತು. ಆದರೆ ಊರು ತಲುಪುವ ಹೊತ್ತಿಗೆ ಬಿಟ್ಟಳು. ಮಗಳು ಸತ್ತರೆ ಬಸಗೊಂಡಪ್ಪ ಮತ್ತೆ “ಗಾಡಿ ಕೈಕೊಟ್ಟಿತು” ಅನ್ನುತ್ತಾನೆ, ಜನ ಮತ್ತೆ ಅವನಿಗೇ ಪಾಪ ಅನ್ನುತ್ತಾರೆ. ಸತ್ತ ಮಗಳಿಂದ ಏನು ಉಪಯೋಗ? ತಾರವ್ವನಿಗೆ ಬೇಕಾದದ್ದು ಅವನ ಬಾಯಿಂದ ಬರುವ ಮಾತು. ಅದಕ್ಕೆ ಆ ಹುಡುಗಿಗೆ ಬೇರೆ ಯಾರಿಗೂ ಕಲಿಸದಷ್ಟು ಚೆನ್ನಾಗಿ ಕಲಿಸಬೇಕು. ಅವಳು ಅದನ್ನೇ ಮಾಡಿದಳು.

ಮುಧೋಳ ರಸ್ತೆಯಲ್ಲಿ ಮೊದಲ ಸಲ ಸ್ವಿಚ್ಚು ಒತ್ತಿದಾಗ ಪ್ರತಿಮಾ ಹೌಹಾರಿ ನಡುರಸ್ತೆಯಲ್ಲೇ ಬ್ರೇಕು ಒದ್ದಳು. ಹಿಂದಿನ ಬೈಕಿನವನು ಬೈಯುತ್ತ ಹೋದ. ತಾರವ್ವ ಸ್ವಿಚ್ಚನ್ನು ಮೊದಲಿನಂತೆ ಮಾಡಿ, ಗಾಡಿ ಚಾಲೂ ಮಾಡಿಸಿ, ಮುಂದೆ ಗಟ್ಟಿ ನೆಲವಿದ್ದಲ್ಲಿ ಬಾಜೂಕೆ ಹಾಕಿಸಿದಳು.

“ಎಡಕ್ಕ ಯಾಕ ತಗೀಲಿಲ್ಲ?”

“ಅಲ್ಲಿ ಬಾಜೂಕ ಎರಿ ಮಣ್ಣ ಐತಲ್ರಿ ಅಕ್ಕಾರ. ಕಬ್ಬಿಗೆ ನೀರ ಬಿಟ್ಟು ರಾಡಿ ಆಗೈತಿ, ಟಾಯರ್ ಹುಗೀತಾವ. ಗಾಡಿ ಬಂದ್ ಬಿದ್ರೂ ಡಾಂಬರ ಬಿಟ್ಟು ಇಳಸಬಾರ್ದು ಅಂತ ನಮ್ಮಪ್ಪ ಯಾವಾಗ್ಲೂ ಹೇಳ್ತಾನ.” ಹುಡುಗಿ ಹೆದರಿಕೆ ಬಿಟ್ಟು ಮಾತಿಗೆ ಹತ್ತಿದಳು. “ನಾ ಸಣ್ಣಾಕಿ ಇದ್ದಾಗ ಇದ ರಸ್ತಾದಾಗ ಹಿಂಗ ಆಗಿತ್ರಿ. ಹೊಸಾ ಕಾರ್ ತಗೊಂಡು ಪೂಜಿ ಮಾಡಸಾಕ ಹೊಂಟಿದ್ವಿ. ಗಾಡಿ ಎಳೀವಲ್ದಾತು. ಅವ್ವ ಬಾಜೂಕ ಹಚ್ರಿ ಅಂದ್ಲು. ಅಪ್ಪ, ಪೂಜಿ ಆಗದ ಗಾಡಿ ರಾಡ್ಯಾಗ ಇಳಸ್ತೀಯೇನು, ಆಮ್ಯಾಲ ಟ್ರ್ಯಾಕ್ಟರ್ ತಂದು ಎಳಸೂದ್ಯಾರು ಅಂತ ಆಕಿಗೇ ಬೈದ. ಎಲ್ಲಾರೂ ಇಳದು ಧಾಬಾದಾಗ ಹೋಗಿ ಚಾ ಕುಡ್ಕೋತ ಕುಂತಿವಿ. ಆಮ್ಯಾಲ ಯಾರೋ ಕುಡದಾವ ಬಂದು ನಮ್ಮ ಗಾಡಿಗೆ ಬಡದು ಸತ್ನಂತ, ಪಾಪ.”

ಈ ಕಡೆಯ ಎರೆಮಣ್ಣು ಹಸಿಯಾದರೆ ಗಾಲಿ ನುಂಗುತ್ತದೆ, ನಿಜ. ಇಲ್ಲಿ ಬೆಳೆದವರೆಲ್ಲರಿಗೂ ಆ ಹೆದರಿಕೆ ರಕ್ತದಲ್ಲಿದೆ. ಹಾಗಾದರೆ ಕೆಸರಿನ ಸಲುವಾಗಿ! ಹೊಸ ಗಾಡಿಯ ಗಾಲಿಗೆ ಕೆಸರು ಹತ್ತಬಾರದೆಂದು ತನ್ನ ಗಂಡನ ತಲೆ ಒಡೆಯಿತು! ತಾರವ್ವನಿಗೆ ಬಾಗಿಲು ತೆರೆದು ಓಡಬೇಕೆನ್ನಿಸಿತು, ಪಕ್ಕದಲ್ಲಿ ಕುಳಿತವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೆನ್ನೆ ಎಳೆಯದಾಗಿತ್ತು, ತಪ್ಪು ಅದರದಲ್ಲ. ಅವಳು ಕುತ್ತಿಗೆಯ ಬೆವರು ಒರೆಸಿಕೊಂಡಳು.

“ನಿಮ್ಮಪ್ಪ ಹೇಳಿದ್ದು ತಪ್ಪು,” ಎಂದಳು. “ಚಾಲೂ ಮಾಡು. ಇನ್ನೊಮ್ಮಿ ನೋಡೂನು.”

ಅವತ್ತಿನಿಂದ ಪ್ರತಿಮಾ ಕಲಿತದ್ದೆಲ್ಲ ಆ ಒಂದೇ ಪಾಠ ಎನ್ನಬೇಕು. ಕಣ್ಣು ಮುಚ್ಚಿದರೂ ಕೈಕಾಲು ತಾವೇ ಮಾಡುವಷ್ಟು ರೂಢಿಯಾಯಿತು. ಪರೀಕ್ಷೆಗೆ ಮೊದಲು ಮನೆಯ ಗಂಡಸರೊಬ್ಬರನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗುವುದು ತಾರವ್ವನ ಪದ್ಧತಿ. ಇಲ್ಲದಿದ್ದರೆ ಲೈಸನ್ಸು ಬಂದ ಮೇಲೂ ಗಂಡಂದಿರು, ಅಪ್ಪಂದಿರು ಕೀಲಿ ಕೊಡುವುದಿಲ್ಲ ನೋಡಿ. ಹಾಗೆ ಬಸಗೊಂಡಪ್ಪ ಬಂದ. ಬಿಳಿ ಧೋತರ, ತುಂಬಿದ ಮೈ, ಮಗಳ ಮೇಲೆ ಕಣ್ಣು ತುಂಬ ಪ್ರೀತಿ. ತಾರವ್ವನ ಗುರುತು ಅವನಿಗೆ ಹತ್ತಲಿಲ್ಲ. ಹತ್ತುವುದಾದರೂ ಹೇಗೆ, ಅಂದು ಅವಳು ಬೆಳಗಲಿಯ ಅಂಗಳಕ್ಕೆ ಹೋದಾಗ ಅವನು ಹೊರಗೆ ಬಂದಿದ್ದರಲ್ಲವೇ?

“ಭಾಳ ಛಲೋ ಕಲಿಸೀರಂತ ಅಕ್ಕಾರ. ಮನ್ಯಾಗ ದಿನಾ ನಿಮ್ಮದ ಹೆಸರು,” ಎಂದು ಹಿಂದೆ ಕೂತ.

“ನೋಡಿ ಆಮ್ಯಾಲ ಹೇಳ್ರಿ ಗೌಡ್ರ,” ಎಂದಳು ತಾರವ್ವ.

ಮುಧೋಳ ರಸ್ತೆ ಹಿಡಿದರು. ಎರಡೂ ಕಡೆ ಎದೆಮಟ್ಟ ಕಬ್ಬು, ಅಂಚಿಗೆ ನೀರುಂಡ ಕಪ್ಪು ಮಣ್ಣು. ಪ್ರಭುಲಿಂಗ ಸತ್ತ ಆ ಜಾಗ ಬಂತು. ತಾರವ್ವ ಸ್ವಿಚ್ಚು ಒತ್ತಿದಳು. ಗಾಡಿ ಜಗ್ಗಾಡಿ ಸತ್ತಿತು. ಪ್ರತಿಮಾ ಮಾತಿಲ್ಲದೆ ಕ್ಲಚ್ಚು ತುಳಿದು, ದೀಪ ಮಿಣುಕಿಸಿ, ಎರಡೂ ಕೈಯಲ್ಲಿ ಬಿಗಿಯಾದ ಸ್ಟೇರಿಂಗು ಹಿಡಿದು ಎಡಕ್ಕೆ ತಿರುಗಿಸಿದಳು.

“ಏ ಏ! ಎರಿ! ಇಳಸಬ್ಯಾಡ, ಹುಗೀತೈತಿ!” ಎಂದು ಹಿಂದಿನಿಂದ ಬಸಗೊಂಡಪ್ಪ ಕೂಗಿದ.

ಗಾಡಿ ಡಾಂಬರು ಬಿಟ್ಟು ಕೆಸರಿಗಿಳಿದು ನಿಂತಿತು. ಪ್ರತಿಮಾ ಹ್ಯಾಂಡ್‌ಬ್ರೇಕು ಎಳೆದು, “ಅಪ್ಪಾ, ಹೊಲದ ಬಾಜೂಕ ಇಳೀ, ರಸ್ತಾದ ಕಡೆ ಬ್ಯಾಡ,” ಎಂದು ಹೇಳಿ, ಡಿಕ್ಕಿಯಿಂದ ಕೆಂಪು ತ್ರಿಕೋನ ತೆಗೆದು ಹಿಂದಕ್ಕೆ ಓಡಿ ರಸ್ತೆಯ ಮೇಲೆ ಇಟ್ಟು ಬಂದಳು. ಬಸಗೊಂಡಪ್ಪನ ಚಪ್ಪಲಿ ಕೆಸರಿನಲ್ಲಿ ಹೂತವು.

“ಏನ್ರೀ ಅಕ್ಕಾರ, ಇದೇನ ಕಲಿಸೀರಿ? ಗಾಡಿ ಹುಗೀತಲ್ಲ!”

“ಹುಗದ ಗಾಡಿ ಟ್ರ್ಯಾಕ್ಟರ್ ತಂದು ಎಳಸಬಹುದ್ರಿ ಗೌಡ್ರ. ಹುಗದ ಮನಷ್ಯಾನ್ನ ಎಳಸಾಕ ಬರೂದಿಲ್ಲ. ಜಾಗಾ ನೆನಪೈತೇನ್ರಿ? ಬನಹಟ್ಟಿ ಪ್ರಭುಲಿಂಗನ ಹೆಂಡ್ತಿ ನಾನು.”

ಅವನ ಮುಖ ಬೂದಿಯಂತಾಯಿತು. ಪ್ರತಿಮಾ ಒಮ್ಮೆ ಅಕ್ಕಾರನ್ನು, ಒಮ್ಮೆ ಅಪ್ಪನನ್ನು ನೋಡಿದಳು.

“ಅಪ್ಪಾ, ಅವತ್ತ ಬಡದಾವ ಕುಡದಿದ್ದ ಅಂದಿದ್ಯಲ್ಲ?”

“ಅಂದ್ರ... ಜನಾ ಅಂದ್ರವಾ.”

“ಜನಕ್ಕ ಹೇಳಿದಾವ್ರ ಯಾರು?” ಎಂದಳು ತಾರವ್ವ.

“ಗಾಡಿ ಬಂದ್ ಬಿತ್ತು, ನಾ ಏನ ಮಾಡಾಕ ಬರತಿತ್ತು?” ಅವನು ಸಿಟ್ಟಿಗೆದ್ದ.

“ಈಗ ನಾ ಮಾಡಿದ್ನಲ್ಲ ಅಪ್ಪಾ,” ಎಂದಳು ಪ್ರತಿಮಾ. “ಎಷ್ಟ ಹೊತ್ತ ಹಿಡೀತು? ಅವ್ವ ಅವತ್ತ ಹೇಳಿದ್ಲು.”

ತಾರವ್ವನಿಗೆ ಆಗ ಆದ ಸಂತೋಷವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಪ್ಪ ಮಗಳ ನಡುವೆ ಏನೋ ಕಡಿದುಬಿದ್ದದ್ದನ್ನು ಅವಳು ಕಣ್ಣಾರೆ ಕಂಡಳು, ಹೊಟ್ಟೆ ತಣ್ಣಗಾಯಿತು. “ಬನಹಟ್ಟಿಗೆ ಬಂದು ನಮ್ಮತ್ತಿ ಮುಂದ ಖರೆ ಹೇಳ್ರಿ,” ಅಂದಳು. ಬಸಗೊಂಡಪ್ಪ ಕೆಸರು ಕಾಲಲ್ಲೇ ಡಾಂಬರು ಹತ್ತಿ, ಬಂದ ಟಂಟಂ ಆಟೋಕ್ಕೆ ಕೈ ಮಾಡಿ ಹೊರಟುಹೋದ.

ಪ್ರತಿಮಾ ಅಪ್ಪನ ಜೊತೆ ಮಾತು ಬಿಟ್ಟಳು. ಲೈಸನ್ಸು ಬಂತು, ಆದರೆ ಅಪ್ಪ ಕೊಡಿಸಿದ ಕಾರನ್ನು ಮುಟ್ಟಲಿಲ್ಲ. ಬಸ್ಸಿನಲ್ಲಿ ನಿಂತೇ ಬೀಳಗಿಗೆ ಹೋದಳು. ಅವನು ಬಡಿಸಿದ್ದನ್ನು ಉಣ್ಣಲಿಲ್ಲ, ಕರೆದರೆ ಓಗೊಡಲಿಲ್ಲ. ಗೌಡ ಮೊದಲು ಗದರಿದ, ಆಮೇಲೆ ರಮಿಸಿದ. ಕೊನೆಗೆ ಒಂದು ಮಧ್ಯಾಹ್ನ ಒಬ್ಬನೇ, ಬಾಳೆಹಣ್ಣಿನ ಚೀಲ ಹಿಡಿದು, ಬನಹಟ್ಟಿಯ ಓಣಿಗೆ ಬಂದ.

ಮಗ್ಗಗಳು ಪೂರ್ತಿ ಜೋರಿನಲ್ಲಿದ್ದವು. ಆ ಸದ್ದಿನಲ್ಲಿ ಎದುರು ನಿಂತವರ ಮಾತೂ ಕೇಳುವುದಿಲ್ಲ. ಗುರುಬಸವ್ವ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಬಸಗೊಂಡಪ್ಪ ಅವಳ ಹತ್ತಿರ ಬಾಗಿ, ತುಟಿ ಅಲುಗಿಸಿದಂತೆ ಮಾಡಿ, ಏನೋ ಹೇಳಿ ಕೈಮುಗಿದ. ಜನ್ಮವೆಲ್ಲ ಮಗ್ಗದ ನಡುವೆ ಕಳೆದು ಅರ್ಧ ಕಿವುಡಾದ ಮುದುಕಿ “ಏನಂದ್ಯಪಾ?” ಎಂದು ಕಿವಿಗೆ ಕೈ ಹಚ್ಚಿದಳು.

“ಹೇಳಿದ್ನಿ,” ಎಂದು ಅವನು ತಾರವ್ವನತ್ತ ತಿರುಗಿದ. ಬಂದ ಕೆಲಸ ಮುಗಿಯಿತೆಂಬಂತೆ ಚೀಲವನ್ನು ಕಟ್ಟೆಯ ಮೇಲಿಟ್ಟ. ಗದ್ದಲದಲ್ಲಿ ಹೇಳಿ ಹೋಗಿಬಿಡುವ ಹುನ್ನಾರ!

ತಾರವ್ವ ಬಿಡಲಿಲ್ಲ. ಪಕ್ಕದ ಮಗ್ಗದ ಶೆಡ್ಡಿಗೆ ನುಗ್ಗಿ ದೊಡ್ಡ ಸ್ವಿಚ್ಚನ್ನು ಕೆಳಗೆಳೆದಳು. ಕರೆಂಟು ಇರುವಾಗ ಒಂದು ಶೆಡ್ಡು ಬಂದ್ ಆದರೆ ಆ ಓಣಿಯಲ್ಲಿ ಅದಕ್ಕೆ ಒಂದೇ ಅರ್ಥ, ಯಾರೋ ತೀರಿಕೊಂಡರೆಂದು. ಪಕ್ಕದವರು ತಮ್ಮ ಮಗ್ಗ ನಿಲ್ಲಿಸಿದರು, ಅವರನ್ನು ನೋಡಿ ಎದುರಿನವರು, ಹಾಗೇ ಓಣಿಯ ತುದಿಯವರೆಗೂ ಎಲ್ಲ ಮಗ್ಗ ನಿಂತವು. ನೂಲಿನ ಧೂಳು ಹತ್ತಿದ ತಲೆಗಳು ಬಾಗಿಲಿನಿಂದ ಹೊರಬಂದವು.

“ಯಾರು ಸತ್ರಬೇ ತಾರವ್ವಾ?”

“ಪ್ರಭುಲಿಂಗ,” ಎಂದಳು ತಾರವ್ವ. “ಹೆಂಗ ಸತ್ತ ಅಂತ ಈ ಗೌಡ್ರು ಹೇಳ್ತಾರು, ಕೇಳ್ರಿ.”

ಬಸಗೊಂಡಪ್ಪ ಹಿಂದೆ ನೋಡಿದ. ಬಂದ ದಾರಿಯಲ್ಲಿ ಜನ ತುಂಬಿದ್ದರು.

“ಪ್ರಭುಲಿಂಗ ಕುಡದಿದ್ದಿಲ್ಲ,” ಎಂದ. “ಗಾಡಿ ಬಾಜೂಕ ತಗೀಲಿಕ್ಕ ಬರತಿತ್ತು. ರಾಡಿ ಹತ್ತತೈತಂತ ನಾನ ತಗೀಲಿಲ್ಲ. ಆಮ್ಯಾಲ ಅವ ಕುಡದಿದ್ದ ಅಂತ ಸುಳ್ಳ ಹೇಳಿದ್ನಿ. ತಪ್ಪ ನಂದ.”

ಗುರುಬಸವ್ವ ಕಟ್ಟೆಯನ್ನು ಹಿಡಿದು ಎದ್ದು ನಿಂತಳು. ಅವನ ಕಡೆ ನೋಡಲೇ ಇಲ್ಲ. ಓಣಿಯ ಕಡೆ ತಿರುಗಿ, “ಕೇಳಿದ್ರೇನು?” ಎಂದಳು. “ಎಲ್ಲಾರೂ ಕೇಳಿದ್ರೇನು?”

ಬಸಗೊಂಡಪ್ಪ ತಾರವ್ವನಿಗೆ ಕೈಮುಗಿದ. “ಆತಲ್ಲ ತಂಗಿ. ಇನ್ನ ಮಾಫ ಮಾಡಿ ಬಿಡು.”

“ಮಾಫ ಕೇಳಾಕ ನಿಮ್ಮನ್ನ ಕರದಿಲ್ಲ ಗೌಡ್ರ,” ಎಂದಳು ತಾರವ್ವ. “ಓಣಿ ಆ ತುದಿ ಮಂದಿಗೆ ಇನ್ನೂ ಕೇಳಿಸಿಲ್ಲ. ಮತ್ತೊಮ್ಮಿ ಹೇಳ್ರಿ.”

ಅವನು ತಲೆ ತಗ್ಗಿಸಿಕೊಂಡೇ, ಈ ಸಲ ಜೋರಾಗಿ, ಮತ್ತೊಮ್ಮೆ ಹೇಳಿದ.